ಜರ್ಮನಿಯಲ್ಲಿ ಕಿರ್ರೆಂದ ಹಿಮ್ಮಡ

ನನ್ನ ತಂಗಿ ಮಾಡಿಸಿದ ಮುನ್ನೂರು ಜೋಡಿ ಚಪ್ಪಲಿಗಳು ಜರ್ಮನಿಗೆ ಹೋಗಿ ಬೂದಿಯಾದವು. ಸುಟ್ಟವರು ಅಲ್ಲಿನ ಬಂದರಿನ ಅಧಿಕಾರಿಗಳು. ಸುಡುವಂತೆ ಮಾಡಿದವನು ನಾನು, ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಚಪ್ಪಲಿಯ ಹಿಮ್ಮಡ ಬಡಿಯುತ್ತ ಕೂತವನು. ಜರ್ಮನಿ ಎಲ್ಲಿದೆ ಎಂದು ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಖಜೂರಿ ದಾಟಿದರೆ ಮಹಾರಾಷ್ಟ್ರ ಎಂಬುದು ಗೊತ್ತು. ಅದರಾಚೆಯ ಭೂಮಿಯನ್ನೆಲ್ಲ ನಾಲ್ಕನೇ ಇಯತ್ತೆಯಲ್ಲೇ ಮಾಸ್ತರರಿಗೆ ಬಿಟ್ಟುಕೊಟ್ಟು ಬಂದವನು ನಾನು.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅಫಜಲಪುರ ತಾಲೂಕಿನ ಅತನೂರಿಗೆ ಕೊಟ್ಟಿದ್ದೇವೆ. ಏಳನೇ ಇಯತ್ತೆಯವರೆಗೆ ಓದಿದ್ದಾಳೆ, ಹಾಗಾಗಿ ನಮ್ಮ ಮನೆತನದಲ್ಲಿ ಅವಳೇ ಪಂಡಿತೆ. ಜೇವರ್ಗಿಯಲ್ಲಿ ಹೆಣ್ಣುಮಕ್ಕಳಿಗೆ ಚಪ್ಪಲಿ ಕೆಲಸದ ತರಬೇತಿ ಇಟ್ಟಾಗ ಹೋದಳು, ಅಲ್ಲಿ ಸೊಲ್ಲಾಪುರದ ಒಬ್ಬ ವ್ಯಾಪಾರಿಯ ಪರಿಚಯವಾಯಿತು. ಹೊರದೇಶಕ್ಕೆ ಮಾಲು ಕಳಿಸುವ ಮನುಷ್ಯ. ತಂಗಿ ತೋರಿಸಿದ ಒಂದು ಜೋಡಿ ಅವನಿಗೆ ಹಿಡಿಸಿತು. ಮುನ್ನೂರು ಜೋಡಿ ಮಾಡಿ ಕೊಡು, ಚೆನ್ನಾಗಿ ಬಂದರೆ ವರ್ಷವಿಡೀ ಕೆಲಸ ಎಂದ. ಅತನೂರಿನಲ್ಲಿ ಅವಳು ನಾಲ್ವರು ಹೆಂಗಸರನ್ನು ಕೂಡಿಸಿಕೊಂಡಳು. ಮೇಲಿನ ಪಟ್ಟಿ, ಹೆಣಿಗೆ ಅವರದು. ಕೆಳಗಿನ ಅಟ್ಟೆ ಹೊಲಿಯುವುದು ಊರೆಲ್ಲ ಆಯಿ ಎಂದು ಕರೆಯುವ ಮುದುಕಿಯದು. ಹಿಮ್ಮಡ ಮಾತ್ರ ಎಮ್ಮೆಯ ದಪ್ಪ ತೊಗಲು, ಎರಡು ಪದರ ಕೂಡಿಸಿ ಬಡಿಯಬೇಕು, ಗಂಡಸಿನ ತೋಳು ಬೇಕು. ಅದು ನನ್ನ ಪಾಲಿಗೆ ಬಂತು.

ಒಂದು ದಿನ ಅವಳು ಆಳಂದಕ್ಕೆ ಬಂದು ನನ್ನ ಮುಂದೆ ಕೂತು ವ್ಯಾಪಾರಿ ಕೊಟ್ಟ ಕಾಗದ ಓದಿದಳು.

"ಅಣ್ಣಾ, ಕಿವಿ ಕೊಟ್ಟು ಕೇಳು. ಮೊಳಿ ಇರಬಾರದು. ವಾಸನಿ ಇರಬಾರದು. ಎಡಗಾಲು ಬಲಗಾಲು ತೂಕ ಬರಾಬರಿ ಇರಬೇಕು. ಸಪ್ಪಳ ಬರಬಾರದು."

"ಸಪ್ಪಳ ಬರಬಾರದಾ? ಕಳ್ಳರಿಗೇನಬೇ ಇವು?"

"ನಗಬ್ಯಾಡ. ಖರೇನ ಬರದಾರ."

"ಮತ್ತ ಮನಿಗಿ ಮನುಷ್ಯಾ ಬಂದದ್ದು ಅವರಿಗೆ ಹ್ಯಾಂಗ ಗೊತ್ತಾಗಬೇಕು?"

"ಬಾಗಿಲಿಗಿ ಗಂಟಿ ಇರ್ತದಂತ. ನೀ ಹಿಮ್ಮಡ ಅಷ್ಟ ಬಡಿ."

ಹಿಮ್ಮಡ ಅಷ್ಟೇ ಬಡಿ. ಆ ಮಾತು ಎದೆಗೆ ನಾಟಿತು ಎಂದು ಬರೆದರೆ ಚೆಂದ ಕಾಣುತ್ತದೆ. ನಾಟಿದ್ದು ಹೊಟ್ಟೆಗೆ.

ಸಪ್ಪಳದ ಸಂಗತಿ ಹೇಳಬೇಕು. ನಮ್ಮಪ್ಪ ಮಟಕಿಯ ದೊಡ್ಡ ಹೊಲದವರಿಗೆಲ್ಲ ಚಪ್ಪಲಿ ಮಾಡುತ್ತಿದ್ದ. ಅವರಿಗೆ ಚಪ್ಪಲಿ ಕಿರ್ ಕಿರ್ ಎನ್ನಬೇಕು. ಓಣಿಯ ಆ ತುದಿಯಲ್ಲಿ ಕಾಲಿಟ್ಟರೆ ಈ ತುದಿಯಲ್ಲಿ ಕೂತವರು ಎದ್ದು ನಿಲ್ಲಬೇಕು. ಅದಕ್ಕೆ ಅಪ್ಪ ಹಿಮ್ಮಡದ ಎರಡು ಪದರದ ನಡುವೆ ಒಂದು ಕಾಡುಗಿಡದ ಬೀಜ ಇಡುತ್ತಿದ್ದ. ಆ ಗಿಡದ ಕಾಯಿಗೆ ಚೇಳಿನ ಕೊಂಡಿಯಂಥ ಎರಡು ಕೊಕ್ಕೆ ಇರುತ್ತವೆ, ಚೇಳುಕಾಯಿ ಅನ್ನುತ್ತೇವೆ. ತೊಗಲು ಹಸಿಯಿದ್ದಾಗ ಬೀಜ ಸುಮ್ಮನಿರುತ್ತದೆ. ಒಣಗಿದ ಮೇಲೆ ಹೆಜ್ಜೆಗೊಮ್ಮೆ ಹಾಡುತ್ತದೆ. ಆ ದೊಡ್ಡವರ ಮನೆಯ ಮುಂದೆ ಅಪ್ಪ ತನ್ನ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಆದರೆ ಅವರ ಹಿಮ್ಮಡದಲ್ಲಿ ಎಷ್ಟು ಸಪ್ಪಳ ಇರಬೇಕು ಎಂಬುದು ಅಪ್ಪನ ಬೆರಳಿಗೆ ಬಿಟ್ಟದ್ದಾಗಿತ್ತು. ಯಾರಾದರೂ ದಾಟಿಹೋದಾಗ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದ. "ನಂದು ಮಾತಾಡಾಕತ್ತದ ನೋಡು," ಅನ್ನುತ್ತಿದ್ದ.

ಈಗ ಅಂಥ ಚಪ್ಪಲಿ ಕೇಳುವವರಿಲ್ಲ. ಆಳಂದದಲ್ಲಿ ಎಲ್ಲರೂ ರಬ್ಬರಿನ ಮೇಲೆ ನಡೆಯುತ್ತಾರೆ. ನನ್ನ ಹತ್ತಿರ ಬರುವವರು ಕಿತ್ತ ಉಂಗುಟದ ಪಟ್ಟಿ ಹೊಲಿಸಿಕೊಂಡು ಮೊಬೈಲ್ ನೋಡುತ್ತ ಹೋಗುವವರು. ಹಾಗಿರುವಾಗ ಮುನ್ನೂರು ಜೋಡಿ ಹಿಮ್ಮಡ!

ಹೊರದೇಶದ ಕೆಲಸದ ಕಿರಿಕಿರಿ ನಮಗಾರಿಗೂ ಗೊತ್ತಿರಲಿಲ್ಲ. ನಾವು ಕಾಗದದ ಮೇಲೆ ಗಿರಾಕಿಯನ್ನು ನಿಲ್ಲಿಸಿ, ಕಾಲಿನ ಸುತ್ತ ಗೆರೆ ಎಳೆದು ಚಪ್ಪಲಿ ಮಾಡಿದವರು. ಇವರು ಕಾಲೇ ಇಲ್ಲದ ಅಳತೆ ಕಳಿಸಿದರು, ಬರೀ ಅಂಕಿ. ನಮ್ಮ ಜೋಡಿಯಲ್ಲಿ ಎಡದ್ದು ಬಲದ್ದು ಅಕ್ಕತಂಗಿಯರ ಹಾಗೆ ಇರುತ್ತವೆ. ಅವರಿಗೆ ಅವಳಿಜವಳಿ ಬೇಕು. ಜಾಲಿ ಚಕ್ಕೆಯಲ್ಲಿ ಹದ ಮಾಡಿದ ತೊಗಲು ಒಂದೊಂದು ಸಲ ಒಂದೊಂದು ಬಣ್ಣಕ್ಕೆ ಬರುತ್ತದೆ, ಎಮ್ಮೆ ಮೇಯ್ದ ಮೇವಿನ ಹಾಗೆ. ಅವರಿಗೆ ಒಂದೇ ಬಣ್ಣ ಬೇಕು. ತೊಗಲಿನ ತುಂಡು ಕತ್ತರಿಸಿ ಎಲ್ಲೋ ಪರೀಕ್ಷೆಗೆ ಕಳಿಸಿದರು, ವಿಷ ಗಿಷ ಇದೆಯೇ ಎಂದು. ನನಗೆ ಇಲ್ಲಿಯವರೆಗೆ ಯಾರೂ ರಕ್ತಪರೀಕ್ಷೆ ಮಾಡಿಲ್ಲ, ಸತ್ತ ಎಮ್ಮೆಗೆ ಮಾಡಿದರು. ತಂಗಿ ಇದೆಲ್ಲವನ್ನೂ ಒಂದೊಂದಾಗಿ ಕಲಿತಳು. ಸರಿಯಿಲ್ಲದ್ದನ್ನು ಬಿಚ್ಚಿಸಿ ಮತ್ತೆ ಹೊಲಿಸಿದಳು. ಈ ಕೆಲಸ ನಿಂತರೆ ನಾಲ್ವರು ಹೆಂಗಸರು ಮತ್ತೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗಬೇಕು ಎಂದು ಅವಳಿಗೆ ಗೊತ್ತಿತ್ತು. ನನಗೂ ಹೇಳಿದ್ದಳು. ಅದನ್ನೂ ಕೇಳಿಸಿಕೊಂಡಿದ್ದೆ.

ಕೆಲಸ ಮುಗಿಯಲು ಬಂದಾಗ ವ್ಯಾಪಾರಿ ಅತನೂರಿಗೆ ಬಂದ. ಅವತ್ತು ನಾನೂ ಹಿಮ್ಮಡದ ಚೀಲ ಹೊತ್ತು ಹೋಗಿದ್ದೆ. ಅವನು ತಂಗಿಯನ್ನು "ಮ್ಯಾಡಂ" ಎಂದು ಕರೆದು, ಹೆಣಿಗೆ ಹಿಡಿಸಿ ಫೋಟೊ ತೆಗೆಯತೊಡಗಿದ. ನಾನು ಅಂಗಿಯ ಗುಂಡಿ ಹಾಕಿಕೊಂಡು, ತಲೆ ಒರೆಸಿಕೊಂಡು ಅವಳ ಪಕ್ಕ ನಿಂತೆ.

"ಇವರ್ಯಾರ್ರಿ?"

"ನಮ್ಮ ಅಣ್ಣಾರಿ. ಹಿಮ್ಮಡ ಮಾಡ್ತಾರ್ರಿ."

"ಅಚ್ಛಾ, ಹಿಮ್ಮಡದವ್ರು. ಜರಾ ಬಾಜೂ ಸರೀರಿ, ನಿಮ್ಮ ನೆಳ್ಳು ಬೀಳಾಕತ್ತದ."

ಸರಿದೆ. ಸರಿದು ನಿಂತಲ್ಲಿ ಆಯಿಯ ಬೇಲಿ ಇತ್ತು. ಬೇಲಿಯಲ್ಲಿ ಚೇಳುಕಾಯಿಯ ಗಿಡ ಇತ್ತು. ಒಣಗಿದ ಕಾಯಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಕೊಕ್ಕೆ ಚುಚ್ಚಿ ತೊಡೆಯಲ್ಲಿ ರಕ್ತ ಬಂತು. ಆಗಲಾದರೂ ಬುದ್ಧಿ ಬರಬೇಕಿತ್ತು.

ಕೊನೆಯ ನಲವತ್ತು ಜೋಡಿಯ ಹಿಮ್ಮಡಗಳಲ್ಲಿ ಬೀಜ ಇಟ್ಟೆ. ಅಪ್ಪನ ಕಲೆ ಉಳಿಯಲಿ ಎಂದು ಇಟ್ಟೆ, ಜರ್ಮನಿಯ ದೊಡ್ಡ ಮನುಷ್ಯರಿಗೂ ಮರ್ಯಾದೆ ಸಿಗಲಿ ಎಂದು ಇಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆಣಿಗೆಯ ಫೋಟೊ ತೆಗೆಯುತ್ತಾರೆ, ಹಿಮ್ಮಡದ ಫೋಟೊ ಯಾರೂ ತೆಗೆಯುವುದಿಲ್ಲ. ನನ್ನದೂ ಒಂದು ಮಾತಾಡಲಿ ಅನಿಸಿತು. ಮಡಿಲಲ್ಲಿ ಎತ್ತಿ ಆಡಿಸಿದ ತಂಗಿಯ ಮೇಲೆ ಐವತ್ತರ ಹತ್ತಿರ ಬಂದ ಗಂಡಸಿಗೆ ಹೊಟ್ಟೆಕಿಚ್ಚು. ಬೇರೆ ಹೆಸರು ಅದಕ್ಕಿಲ್ಲ.

ಮಾಲು ಜೇವರ್ಗಿಯ ತರಬೇತಿ ಕೇಂದ್ರದಲ್ಲಿ ವ್ಯಾಪಾರಿಯ ತಪಾಸಣೆಗೆ ಪಾಸಾಯಿತು. ತೊಗಲಿನ್ನೂ ಹಸಿ, ಬೀಜ ಬಾಯಿ ಬಿಡಲಿಲ್ಲ. ನಾನು ಮನೆಯಲ್ಲಿ ಹೆಂಡತಿಗೆ ಶೀರಾ ಮಾಡಿಸಿ ತಿಂದೆ.

ಹಡಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಬೆಂದು ತೊಗಲು ಒಣಗಿತು. ಬಂದರಿನಲ್ಲಿ ಅಧಿಕಾರಿಯೊಬ್ಬ ಒಂದು ಡಬ್ಬಿ ತೆಗೆದು ಚಪ್ಪಲಿ ಬಾಗಿಸಿ ನೋಡಿದನಂತೆ. ಕಿರ್ ಅಂದಿತು. ಒಳಗೆ ಏನೋ ಬಚ್ಚಿಟ್ಟಿದ್ದಾರೆ ಎಂದು ಕೊಯ್ದ. ಅಫೀಮು ಹುಡುಕಿದವನಿಗೆ ಸಿಕ್ಕದ್ದು ಆಯಿಯ ಬೇಲಿಯ ಬೀಜ. ಹೊರಗಿನ ಬೀಜ ಆ ದೇಶದ ಮಣ್ಣಿಗೆ ಬೀಳಬಾರದು ಎಂದು ಅಲ್ಲಿ ಕಾಯಿದೆ ಇದೆಯಂತೆ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಮುನ್ನೂರು ಜೋಡಿ ಕೊಯ್ಯುತ್ತ ಕೂರುವವರು ಯಾರು? ಎಲ್ಲವನ್ನೂ ಸುಟ್ಟರು.

ಈ ಸುದ್ದಿಯ ಫೋನು ಬಂದಾಗ ನಾನು ಅತನೂರಿನಲ್ಲಿ ತಂಗಿಯ ಪಡಸಾಲೆಯಲ್ಲೇ ಕೂತಿದ್ದೆ, ಕೈಯಲ್ಲಿ ಚಹಾದ ಬಟ್ಟಲು. ವ್ಯಾಪಾರಿ ಚೀರಾಡಿದ್ದು ನನಗೂ ಕೇಳಿಸಿತು. ಅಟ್ಟೆಯೊಳಗೆ ಬೀಜ ಇಟ್ಟಿದ್ದೀರಿ, ಇನ್ನು ನಿಮ್ಮ ಮಾಲು ಮುಟ್ಟುವುದಿಲ್ಲ ಎಂದ. ಅವನು ಅಟ್ಟೆ ಅಂದ, ಹಿಮ್ಮಡ ಅನ್ನಲಿಲ್ಲ. ಅಟ್ಟೆ ಹೊಲಿದವಳು ಆಯಿ. ಹರೆಯದಲ್ಲಿ ಗಂಡನ ಜೊತೆ ಕೂತು ಸಪ್ಪಳದ ಚಪ್ಪಲಿ ಮಾಡಿದವಳೂ ಆಯಿ. ಗಿಡ ಇದ್ದದ್ದೂ ಅವಳ ಬೇಲಿಯಲ್ಲಿ.

ತಂಗಿ ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಆಯಿಯ ಮುಂದೆ ಹೋಗಿ ನಿಂತಳು. "ಆಯಿ, ಬೀಜ ಹಾಕಿದೇನು?"

"ಯಾವ ಬೀಜಬೇ?"

"ಚೇಳುಕಾಯಿದು. ಸಪ್ಪಳದ್ದು."

"ನನ್ನ ಕಣ್ಣಿಗಿ ಸೂಜಿ ಕಾಣ್ಸೂದು ಕಷ್ಟ ಆಗೇದ, ಬೀಜ ಎಲ್ಲಿಂದ ಹಾಕಲಿ? ನೀ ಬ್ಯಾಡ ಅಂದ ಮ್ಯಾಲ ನಾ ಯಾಕ ಹಾಕಲಿ?"

"ಮತ್ತ ಯಾರು ಹಾಕ್ಯಾರ? ನಮ್ಮ ಅಣ್ಣ ಹಾಕ್ಯಾನೇನು?"

ಅವಳು ಅದನ್ನು ಹೇಳಿದ್ದು ಆಗದ ಮಾತಿಗೆ ಉದಾಹರಣೆಯಾಗಿ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಚಹಾ ಕುಡಿದೆ. ಬಟ್ಟಲು ಖಾಲಿಯಾಗಿತ್ತು, ಆದರೂ ಕುಡಿದೆ.

ಆಯಿ ಅಟ್ಟೆ ಹೊಲಿಯುವ, ದಬ್ಬಣದಂಥ ಅರಿಯನ್ನು ಒರೆಸಿ ತಂಗಿಯ ಕೈಗೆ ಕೊಟ್ಟು, ಸೆರಗು ಹೊದ್ದುಕೊಂಡು ಹೊರಟುಹೋದಳು. ಬೈಯಲಿಲ್ಲ. ಬೈದಿದ್ದರೆ ಜಗಳ ಬಿಡಿಸುವ ನೆಪದಲ್ಲಾದರೂ ನಾನು ಬಾಯಿ ಬಿಡುತ್ತಿದ್ದೆನೇನೋ. ಬಿಡುತ್ತಿರಲಿಲ್ಲ ಬಿಡಿ.

ಆ ಮೇಲೆ ಅತನೂರಿನ ಪಡಸಾಲೆ ಖಾಲಿಯಾಯಿತು. ಇಬ್ಬರು ಹೆಂಗಸರು ಕಬ್ಬು ಕಡಿಯಲು ಹೋದರು. ಆಯಿ ಬಾವಿಗೆ ಹೋಗುವ ದಾರಿ ಬದಲಿಸಿದಳು, ತಂಗಿಯ ಮನೆಯ ಮುಂದೆ ಹಾಯದಂತೆ. ತಂಗಿ ಫೋನು ಮಾಡಿದಾಗೆಲ್ಲ, "ಅಣ್ಣಾ, ನೀ ಒಬ್ಬಾಂವ ನನಗ ಬರಾಬರಿ ಕೆಲಸ ಮಾಡಿಕೊಟ್ಟಿ," ಅನ್ನುತ್ತಿದ್ದಳು. ನಾನು "ಹೂಂ" ಅನ್ನುತ್ತಿದ್ದೆ. ಆ ಒಂದು ಹೂಂ ಹೇಳಲು ಪಟ್ಟ ಕಷ್ಟವನ್ನು ಕೆಲಸದಲ್ಲಿ ಪಟ್ಟಿದ್ದರೆ ನಾನು ಇಂದು ದೊಡ್ಡ ಕಾರೀಗರ ಆಗಿರುತ್ತಿದ್ದೆ.

ಒಂದು ದಿನ ಅವಳ ಫೋನು. "ಅಣ್ಣಾ, ಕೊಯ್ದ ಜೋಡಿ ಒಂದನ್ನ ಸುಡಲಾರದ ಸಾಕ್ಷಿಗಂತ ಇಟ್ಟಿದ್ರಂತ, ಅದು ಅಲ್ಲಿಂದ ತಿರುಗಿ ಬಂದದ. ಸೊಲ್ಲಾಪುರದಿಂದ ಕೊರಿಯರ್ ಮಾಡ್ಯಾರ. ಬೀಜ ಎಲ್ಲಿ ಇತ್ತು ಅಂತ ನನ್ನ ಕಣ್ಣಿಲೆ ನೋಡ್ತೇನಿ."

ಎಲ್ಲಿ ಇತ್ತು ಎಂದು ನೋಡಿದರೆ ಯಾರು ಇಟ್ಟರು ಎಂದು ಕೇಳುವುದೇ ಬೇಡ. ಹಿಮ್ಮಡದ ಎರಡು ಪದರ ಕೂಡಿ ಆಳಂದದಿಂದಲೇ ಬರುತ್ತಿದ್ದವು. ಮರುದಿನ ಮೊದಲ ಬಸ್ ಹಿಡಿದೆ. ಪಶ್ಚಾತ್ತಾಪ ನನ್ನನ್ನು ಅತನೂರಿಗೆ ಓಡಿಸಿತು ಎಂದು ಓದುವವರು ತಿಳಿಯಬಾರದು. ಓಡಿಸಿದ್ದು ಕೊರಿಯರ್. ಅದಕ್ಕಿಂತ ಮುಂಚೆ ಮುಟ್ಟಿ ನಾನೇ ಹೇಳಿದರೆ ಒಳ್ಳೆಯವನು ಅನಿಸಿಕೊಳ್ಳಬಹುದು ಎಂಬ ಲೆಕ್ಕ. ಅಫಜಲಪುರದಲ್ಲಿ ಬಸ್ಸು ಪಂಕ್ಚರಾಯಿತು. ಬೇರೆ ಬಸ್ಸಿಗೆ ಕಾಯುತ್ತ, ಏನು ಹೇಳಬೇಕು ಎಂದು ಮೂರು ಸಲ ಬಾಯಿಪಾಠ ಮಾಡಿದೆ. ಮೂರರಲ್ಲೂ ಅಪ್ಪನ ಹೆಸರು ಮುಂದೆ ಬರುತ್ತಿತ್ತು, ನನ್ನದು ಹಿಂದೆ.

ನಾನು ಮುಟ್ಟಿದಾಗ ಕೊರಿಯರ್ ಪೆಟ್ಟಿಗೆ ಬಿಚ್ಚಿಯಾಗಿತ್ತು. ಕೊಯ್ದ ಚಪ್ಪಲಿ ತಂಗಿಯ ತೊಡೆಯ ಮೇಲಿತ್ತು. ಹಿಮ್ಮಡದ ಬಾಯಿ ತೆರೆದುಕೊಂಡಿತ್ತು, ಬೀಜ ಕೂತಿದ್ದ ಮೂರು ಕುಳಿ ಎದ್ದು ಕಾಣುತ್ತಿದ್ದವು.

"ನಾ ಹೇಳಾಕಂತನ ಬಂದೇನಿ," ಅಂದೆ.

"ಕೊರಿಯರದವನೂ ಅದನ್ನ ಹೇಳಾಕ ಬಂದಿದ್ದ," ಅಂದಳು. "ಯಾಕ ಮಾಡಿದಿ?"

"ಅಪ್ಪ..." ಎಂದು ಶುರು ಮಾಡಿದೆ. ಅವಳ ಮುಖ ನೋಡಿ ನಿಲ್ಲಿಸಿದೆ. "ಫೋಟೊದಾಗ ನಿಂದರಸಲಿಲ್ಲ ಅಂತ."

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಆ ಕುಳಿಗಳ ಮೇಲೆ ಬೆರಳಾಡಿಸಿದಳು. "ನನಗ ಹೇಳಿದ್ರ ನಿನ್ನ ಒಬ್ಬನದ ನಾಕು ಫೋಟೊ ತಗಸ್ತಿದ್ದೆ. ಆಯಿಗಿ ನಾ ಏನಂದೆ ಗೊತ್ತದಿಲ್ಲ ನಿನಗ? ಅಲ್ಲೇ ಕುಂತಿದ್ದಿ." ಚಪ್ಪಲಿಯನ್ನು ನನ್ನ ಕೈಗಿಟ್ಟಳು. "ನಡಿ."

ಆಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಹೇಳಿದೆ. ಬಾಯಿಪಾಠ ಒಂದೂ ನೆನಪಿಗೆ ಬರಲಿಲ್ಲ, ಅದೇ ಒಳ್ಳೆಯದಾಯಿತು. ತಂಗಿ, "ನಂದೂ ತಪ್ಪದ ಆಯಿ," ಅಂದಳು.

"ನಿಂದು ಆಮ್ಯಾಲ ನೋಡ್ತೇನಿ," ಎಂದು ಆಯಿ ಮೊರ ಕೆಳಗಿಟ್ಟು ಚಪ್ಪಲಿ ಇಸಿದುಕೊಂಡಳು. ಕುಳಿಗಳನ್ನು ಉಗುರಿನಿಂದ ಎಣಿಸಿದಳು. "ಲೇ, ಮೂರು ಹಾಕಿದೇನು?"

"ಹೌದ್ರಿ."

"ನಿಮ್ಮಪ್ಪ ಎಷ್ಟು ಹಾಕ್ತಿದ್ದ?"

"ಒಂದು... ಎರಡು ಇರಬೇಕ್ರಿ."

"ಒಂದ ಒಂದು, ನಮ್ಮ ಕಾರೀಗರೆಲ್ಲಾ ಹಾಕೂದು ಅಷ್ಟ. ಕಳವು ಮಾಡಿದ್ದು ಮಾಡಿದಿ, ಅದನ್ನರ ನೆಟ್ಟಗ ಮಾಡಬಾರದಾ? ಮೂರು ಹಾಕಿದ್ರ ಅದು ಹಾಡ್ತದೇನಲೇ? ಕತ್ತಿ ಒದರಿದಾಂಗ ಒದರತದ. ಆ ಸಾಹೇಬ ಕೊಯ್ದದ್ದು ಬರಾಬರಿ ಆತು."

ಕತ್ತೆ ಅಂದದ್ದು ಚಪ್ಪಲಿಗೋ ನನಗೋ ಎಂದು ನಾನು ಕೇಳಲಿಲ್ಲ. ಆಮೇಲೆ ಅವಳು ತಂಗಿಯ ಕಡೆ ತಿರುಗಿದಳು. ಅವರಿಬ್ಬರ ಮಾತನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಇಬ್ಬರೂ ಅತ್ತರು ಎಂಬಷ್ಟು ಹೇಳಬಲ್ಲೆ. ನಾನು ತೊಗರಿಯೊಳಗಿನ ಹರಳು ಆರಿಸುತ್ತ ಕೂತೆ.

ಸೊಲ್ಲಾಪುರದ ವ್ಯಾಪಾರಿಗೆ ತಂಗಿ ನಡೆದದ್ದನ್ನೆಲ್ಲ ಹೇಳಿದಳು. ನನ್ನ ಹೆಸರು ಹೇಳದೆ "ಹಿಮ್ಮಡದವರ ತಪ್ಪು" ಅಂದಳಂತೆ. ಇಪ್ಪತ್ತು ಜೋಡಿ ಮಾದರಿ ಕಳಿಸಿ, ನೋಡೋಣ ಎಂದಿದ್ದಾನೆ. ಒಪ್ಪುತ್ತಾನೋ ಇಲ್ಲವೋ ಗೊತ್ತಿಲ್ಲ. ಕಬ್ಬಿಗೆ ಹೋದ ಇಬ್ಬರು ಇನ್ನೂ ತಿರುಗಿ ಬಂದಿಲ್ಲ. ಆಯಿ ಬಂದಿದ್ದಾಳೆ, ಒಂದು ಶರತ್ತಿನ ಮೇಲೆ. ಹಿಮ್ಮಡದ ಪದರಗಳನ್ನು ನಾನು ಆಳಂದದಲ್ಲಿ ಕೂಡಿಸುವಂತಿಲ್ಲ. ಬಿಡಿಬಿಡಿಯಾಗಿ ಚೀಲದಲ್ಲಿ ತಂದು, ಅತನೂರಿನ ಪಡಸಾಲೆಯಲ್ಲಿ, ಅವಳ ಕಣ್ಣೆದುರೇ ಕೂಡಿಸಿ ಬಡಿಯಬೇಕು. ಕಂಡಕ್ಟರ್ ದಿನಾ ಕೇಳುತ್ತಾನೆ, ಚೀಲದಲ್ಲಿ ಏನು ಎಂದು. ಹಿಮ್ಮಡ ಅನ್ನುತ್ತೇನೆ.

ಆಯಿಗೆ ಕಣ್ಣು ಮಂದ. ಆದ್ದರಿಂದ ಬಡಿದು ಕೊಟ್ಟ ಪ್ರತಿಯೊಂದು ಹಿಮ್ಮಡವನ್ನೂ ಕಿವಿಯ ಹತ್ತಿರ ಹಿಡಿದು, ಎರಡೂ ಕೈಯಲ್ಲಿ ಬಾಗಿಸಿ ಕೇಳುತ್ತಾಳೆ. ಹಸಿ ತೊಗಲು ಮಾತಾಡುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಸುತ್ತಿಗೆ ಕೆಳಗಿಟ್ಟು ಕಾಯುತ್ತೇನೆ. ತಂಗಿ ಹೆಣಿಗೆ ನಿಲ್ಲಿಸಿ ನೋಡುತ್ತಾಳೆ.

"ಸುಮ್ಮನದ," ಅನ್ನುತ್ತಾಳೆ ಆಯಿ. ಮುಂದಿನದಕ್ಕೆ ಕೈ ಚಾಚುತ್ತಾಳೆ.