ಮೂಲೆ ಬಿಟ್ಟ ಸ್ಟಾರ್ಟ್ ಗುಂಡಿ

ಶೆಟ್ಟರು ಮೌಸನ್ನು ಪರದೆಯ ಎಡ ಮೂಲೆಗೆ ಒಯ್ದು ನಾಲ್ಕನೇ ಸಲ ಒತ್ತಿದರು. ಆಗಲೂ ಹವಾಮಾನದ ಚಿತ್ರವೇ ತೆರೆದುಕೊಂಡಿತು. ಮಹಾಪೆಯ ಕೈಗಾರಿಕಾ ಪ್ರದೇಶದ ನಮ್ಮ ಆಫೀಸಿನ ಕಂಪ್ಯೂಟರುಗಳೆಲ್ಲ ಅಂದು ಬೆಳಿಗ್ಗೆ ಹೊಸ ರೂಪಕ್ಕೆ ಬದಲಾಗಿದ್ದವು. ಸ್ಟಾರ್ಟ್ ಗುಂಡಿ ಮೂಲೆ ಬಿಟ್ಟು ನಡುವಿಗೆ ಬಂದಿತ್ತು.

"ಕಿಚನ್ ಉಠಾಕೇ ಹಾಲ್ ಮೇ ರಖ ದಿಯಾ!" ಎಂದು, ಅಡುಗೆಮನೆಯನ್ನೇ ಎತ್ತಿ ನಡುಮನೆಯಲ್ಲಿಟ್ಟವರನ್ನು ಡಿಸ್ಪ್ಯಾಚಿನ ಸಾವಂತ್ ಬೈಯುತ್ತಿದ್ದ. ಎಲ್ಲರೂ ನಗುತ್ತಿದ್ದರು. ಶೆಟ್ಟರು ನಗಲಿಲ್ಲ.

ನಾನು ಪಕ್ಕದ ಕುರ್ಚಿಯಿಂದ ಬಾಗಿ, "ಅಣ್ಣಾರ, ನಡುವ ಐತಿ ನೋಡ್ರಿ, ನೀಲಿ ಬಣ್ಣದ್ದು" ಎಂದೆ. ಅವರ ಬಾಣದ ಗುರುತು ನೀಲಿಯನ್ನು ದಾಟಿ ಹೋಯಿತು, ಹಿಂದೆ ಬಂತು, ಮತ್ತೆ ದಾಟಿತು. ಆಗ ನನಗೆ ಹೊಳೆಯಿತು. ಸರಕಿನ ಚಲನ್‌ಗಳನ್ನು ಅವರು ಅಕ್ಷರ ಹಿಗ್ಗಿಸಿಕೊಂಡು ಓದುತ್ತಿದ್ದರು, ಉಳಿದದ್ದನ್ನೆಲ್ಲ ಇಷ್ಟು ವರ್ಷ ಬರೀ ಕೈಯ ರೂಢಿಯಿಂದ ಮಾಡುತ್ತಿದ್ದರು.

"ಅಣ್ಣಾರ, ನಿಮಗ ಕಣ್ಣ ಕಾಣಂಗಿಲ್ಲೇನ್ರಿ?" ಎಂದು ಕೇಳಿಬಿಟ್ಟೆ.

"ಮೆಲ್ಲ ಮಾರಾಯ್ತಿ," ಎಂದರು, ಮುಖ ತಿರುಗಿಸದೆ. "ರಿಟೈರ್ ಆಗ್ಲಿಕ್ಕೆ ಇನ್ನೂ ಎರಡು ವರ್ಷ ಉಂಟು."

ಸ್ಟಾರ್ಟ್ ಗುಂಡಿಯನ್ನು ಮತ್ತೆ ಎಡಕ್ಕೆ ತಂದು ಕೊಡಲು ನನಗೆ ಅರ್ಧ ನಿಮಿಷ ಸಾಕಾಯಿತು. ಅವರು ಸಂಜೆಯವರೆಗೂ ಕೆಲಸ ಮಾಡಿದರು.

ಮುಂದಿನ ವಾರ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅಂದು ನಾನು ಪಿಸುಮಾತಿನಲ್ಲೇ ಕೇಳಿದ್ದೆ ಎಂದು ಇದನ್ನು ಬರೆಯುವಾಗಲೂ ಅನಿಸುತ್ತದೆ. ಆದರೆ ಆ ಪ್ರಶ್ನೆಗೆ ಸಾವಂತನ ನಗು ನಿಂತದ್ದು, ಮೂರು ಮೇಜಿನಾಚೆ ಮ್ಯಾನೇಜರ್ ತಲೆಯೆತ್ತಿ ನೋಡಿದ್ದು ಕೂಡ ನನಗೆ ನೆನಪಿದೆ.