ಸಂತೆಯ ಚೀಲದಲ್ಲಿ ಒಂದು ಬಾಳೆಹಣ್ಣು

ಕಮಲಾಪುರದ ನಮ್ಮ ಓಣಿಯಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಯಾರೂ ಹೇಳುತ್ತಿರಲಿಲ್ಲ, ದೃಷ್ಟಿಯಾದೀತೆಂಬ ಅಂಜಿಕೆ. ಹೆರಿಗೆ ಮಾಡಿಸುವ ನರ್ಸಮ್ಮ ಅದಕ್ಕೆ ಬೈಯುತ್ತಿರಲಿಲ್ಲ. "ಹೇಳಬ್ಯಾಡ್ರಿ. ತಿಂಗಳು ತಪ್ಪಿದ ಕೂಡ್ಲೇ ನನ್ನ ಚೀಲದಾಗ ಒಂದು ಬಾಳೆಹಣ್ಣು ಇಡ್ರಿ, ಸಾಕು" ಎನ್ನುತ್ತಿದ್ದರು. ಸಂತೆಯಲ್ಲಿ ಆ ಚೀಲದ ಬಾಯಿ ತೆರೆದಿಟ್ಟುಕೊಂಡೇ, ಮೋಡ ನೋಡುತ್ತ, ನಿದ್ದೆಯಲ್ಲಿ ನಡೆದಂತೆ ಸಾಗುತ್ತಿದ್ದರು; ಹಣ್ಣು ಇಟ್ಟವರು ಯಾರೆಂಬುದು ಮಾತ್ರ ಅವರ ಓರೆಗಣ್ಣಿಗೆ ತಪ್ಪುತ್ತಿರಲಿಲ್ಲ.

ನನಗೆ ಒಂದು ಬಸುರು ನಿಲ್ಲದೆ ಹೋಗಿತ್ತು; ಮುಂದಿನ ಸಲ ನಾನು ಅವರ ಚೀಲಕ್ಕೆ ಕೆಂಪು ಬಾಳೆಹಣ್ಣೊಂದನ್ನು ಹಾಕಿದೆ. ಅವರು ತಿರುಗಿ ನೋಡಲಿಲ್ಲ. ಮರುದಿನ ನೀರು ಕೇಳುವ ನೆವದಲ್ಲಿ ಮನೆಗೆ ಬಂದು, ನನ್ನ ಮಣಿಕಟ್ಟು ಹಿಡಿದು, "ಛಲೋ ಮಾಡಿದಿ, ಲಗೂನ ತಿಳಿಸಿದಿ" ಎಂದರು.

ಮೊನ್ನೆ ಕಲಬುರಗಿಯಿಂದ ಬಂದ ಮಗಳು ನನ್ನ ಚೀಲದಲ್ಲಿ ಬಾಳೆಹಣ್ಣೊಂದನ್ನು ಇಟ್ಟಳು. ನಾನು ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲೆಂದು ಚಪ್ಪಲಿ ಮೆಟ್ಟಿದೆ.