ಜಿಲೇಬಿ ಮೀನಿನ ಗುಂಡಿಗಳು

ಮೊನ್ನೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ವಾಸನೆಗೆ ಮೀನುಮರಿಯವನು ನೆನಪಾದ.

ಸಾಸ್ವೆಹಳ್ಳಿ ಹತ್ತಿರ ನೀರಲ್ಲಿ ಬಲೆ ಕಟ್ಟಿ ಜಿಲೇಬಿ ಮೀನಿನ ಮರಿ ಸಾಕಿ ಮಾರುತ್ತಿದ್ದ. ಎರಡು ವರ್ಷ ಅವನ ಹತ್ತಿರ ಕೂಲಿ ಮಾಡಿದೆ. ಸ್ಪಿರಿಟ್‌ನಲ್ಲಿ ಏನೋ ಔಷಧಿ ಕರಗಿಸಿ ಕೊಡುತ್ತಿದ್ದ. ನಾನು ಅದನ್ನು ತೌಡಿಗೆ ಕಲಸಿ, ನೆರಳಲ್ಲಿ ಒಣಗಿಸಿ, ಎಳ್ಳಿನಷ್ಟಿದ್ದ ಮರಿಗಳಿಗೆ ಒಂದು ತಿಂಗಳು ಉದುರಿಸುತ್ತಿದ್ದೆ.

"ಏನ್ ತಮ್ಮಾ, ಮೀನಿಗೂ ಸಾರಾಯಿ ಕುಡಿಸ್ತೀಯಾ?"

"ಟಾನಿಕ್ ಅಕ್ಕಾ. ಬಲ ಬರಾಕೆ."

ನಾಲೆ ಪಕ್ಕ ನನ್ನದೊಂದು ಹೊಂಡವಿತ್ತು. ಕೂಲಿ ಬಿಟ್ಟು ಸ್ವಂತ ಮರಿ ಮಾಡಿ ಮಾರುವ ಆಸೆ. ಅವನಿಗೇ ಹೇಳಿದೆ. "ಒಂದ್ಸಲ ಬಿಟ್ಟು ನೋಡಕ್ಕಾ, ಆಮೇಲೆ ನೀನೇ ನಾಕೂರಿಗೆ ಮರಿ ಮಾರ್ತೀಯ" ಎಂದ. ನಾನೇ ಆ ತೌಡು ಹಾಕಿ ಬೆಳೆಸಿದ ಮರಿಗಳನ್ನು ತಂದು ಬಿಟ್ಟೆ.

ಮೀನು ದಪ್ಪಗೆ ಬೆಳೆದವು. ಮರಿ ಮಾತ್ರ ಇಲ್ಲ. ಈ ಜಾತಿಯ ಹೆಣ್ಣು ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡುತ್ತದೆ. ಹಿಡಿದ ಮೀನಿನದೆಲ್ಲ ಬಾಯಿ ಬಿಡಿಸಿ ನೋಡಿದೆ. "ಅತ್ತೆ ಮೀನಿನ ಹಲ್ಲು ಎಣಿಸ್ತಾರೆ" ಎಂದು ಸೊಸೆ ನಕ್ಕಳು. ಮರುವರ್ಷ ಕೊಯ್ದು ನೋಡಿದೆ. ಒಂದರ ಹೊಟ್ಟೆಯಲ್ಲೂ ಮೊಟ್ಟೆ ಇರಲಿಲ್ಲ…

ಹೋಗಿ ಕೇಳಿದೆ. ಬಲೆ ಹೊಲಿಯುವುದನ್ನು ಅವನು ನಿಲ್ಲಿಸಲಿಲ್ಲ.

"ಎಲ್ಲಾ ಗಂಡೇ ಅಕ್ಕಾ. ಎಳೇದ್ರಾಗೆ ಆ ಔಷಧಿ ತಿಂದ್ರೆ ಹೆಣ್ಣಾಗೋವೂ ಗಂಡಾಗ್ತಾವೆ. ಗಂಡಾದ್ರೆ ಬೇಗ ದಪ್ಪ ಆಗ್ತಾವೆ."

"ಈಗ ಔಷಧಿ ಇಲ್ವಲ್ಲೋ. ತಿರುಗಿ ಹೆಣ್ಣಾಗಲ್ವಾ?"

"ಸಾಯೋತನಕ ಅಷ್ಟೇ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಹೊಂಡದಾಗೇ ಮರಿ ಆದ್ರೆ ನನ್ನತ್ರ ಯಾರು ಬರ್ತಾರಕ್ಕಾ?"

ಆಗಲೂ ಅಕ್ಕಾ ಎಂದೇ ಕರೆದ. ನನ್ನ ಮನೆಯಲ್ಲಿ ಎಷ್ಟು ಸಲ ಮುದ್ದೆ ಉಂಡಿದ್ದನೋ. ನನ್ನ ಹೊಂಡವನ್ನು ನನ್ನ ಕೈಯಿಂದಲೇ ಬಂಜೆ ಮಾಡಿಸಿದ. ಮತ್ತೆ ಅವನ ಕಡೆ ಹೋಗಲಿಲ್ಲ. ಹೋದ ವರ್ಷ ಸತ್ತನಂತೆ, ಮಣ್ಣಿಗೂ ಹೋಗಲಿಲ್ಲ. ಅಕ್ಕಾ ಎನ್ನುವವರು ಈಗ ಯಾರೂ ಇಲ್ಲ, ಅದು ನಿಜ…

ಆಸ್ಪತ್ರೆಯಿಂದ ಬರುತ್ತಾ ಹೊಂಡದ ಹತ್ತಿರ ನಿಂತೆ. ಆಗಿನ ಮೀನು ಇನ್ನೂ ನಾಲ್ಕೈದಿವೆ. ಬೇಸಿಗೆಗೆ ನೀರು ಇಳಿದು ಅಂಚಿನ ಕೆಸರು ಕಾಣುತ್ತಿತ್ತು. ಅದರಲ್ಲಿ ರೊಟ್ಟಿ ಹಂಚಿನಷ್ಟು ದುಂಡನೆಯ ಗುಂಡಿಗಳು. ಹೆಣ್ಣು ಬಂದು ಮೊಟ್ಟೆ ಇಡಲಿ ಎಂದು ಗಂಡು ಮೀನು ಬಾಯಿಂದ ತೋಡುವ ಗುಂಡಿ ಅವು. ಈ ವರ್ಷವೂ ತೋಡಿವೆ.